ಬಚ್ಚಲಲ್ಲಿ ಸಿಕ್ಕ ರೋಗ

ಹೊನವಾಡದ ಒಂದು ಮನೆಯಲ್ಲಿ ಹತ್ತು ವರ್ಷದ ಹುಡುಗ ಜಳಕ ಮಾಡುವಾಗ ಬಚ್ಚಲಲ್ಲೇ ಬಿದ್ದ ಅಂತಿಟ್ಟುಕೊಳ್ಳಿ. ತಿಕೋಟಾದ ಡಾಕ್ಟರು 'ಫಿಟ್ಸ್ ಇರಬಹುದು' ಅನ್ನುತ್ತಾರೆ. ವಿಜಯಪುರದಲ್ಲಿ ಇಇಜಿ ತೆಗೆಸಿದರೆ ಗೆರೆಗಳೆಲ್ಲ ಸರಿಯಾಗಿವೆ; 'ಹಬೆಗೆ ಚಕ್ಕರ್ ಬಂದಿರಬೇಕು, ಕಾಳಜಿ ಬೇಡ' ಎಂಬ ಮಾತು ಬರುತ್ತದೆ. ಮಿರಜಕ್ಕೆ ಒಯ್ದರೆ ವರ್ಷಗಟ್ಟಲೆ ನುಂಗಬೇಕಾದ ಗುಳಿಗೆಯ ಚೀಟಿ. ಇತ್ತ ಮನೆಯ ಹಿರಿಯರದು ಒಂದೇ ಹಟ: 'ಗಾಳಿ ಸೋಕೇತಿ, ಮೊದ್ಲ ಅದನ್ನ ತೆಗಸ್ರಿ.' ಅಪ್ಪ-ಅವ್ವ ಯಾರನ್ನು ನಂಬಬೇಕು?

ಹುಡುಗ ಕಲ್ಪನೆಯವನು, ಗೊಂದಲ ಕಲ್ಪನೆಯದಲ್ಲ. ಇಂಥ ಗೊಂದಲದ ನಡುವಿನಿಂದಲೇ ಒಂದು ರೋಗವನ್ನು ಬೇರೆಯಾಗಿ ಗುರುತಿಸಿದ ಕತೆ ನಮ್ಮ ರಾಜ್ಯದಲ್ಲೇ ನಡೆದಿದೆ.

ತಲೆಗೆ ಬಿಸಿನೀರು ಬಿದ್ದಾಗ ಮೂರ್ಛೆ ಬರುವುದನ್ನು ಮೊದಲು ಬರೆದಿಟ್ಟವರು ನ್ಯೂಜಿಲೆಂಡಿನ ಅಲೆನ್, 1945ರಲ್ಲಿ. ಅದು ವೈದ್ಯರ ಪಾಲಿಗೆ ಒಂದು ವಿಚಿತ್ರವಾಗಿಯೇ ಉಳಿಯಿತು. ಆದರೆ ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಅವರ ಮುಂದೆ ಇದೇ ದೂರು ಹೊತ್ತವರು ಒಬ್ಬರ ಹಿಂದೊಬ್ಬರು ಬಂದು ಕೂತರು. 1968ರಲ್ಲಿ ಅವರೂ ಜೊತೆಗಾರರೂ ಮೊದಲ ವರದಿ ಪ್ರಕಟಿಸಿದರು. 1974ರ ಹೊತ್ತಿಗೆ ಅವರ ಲೆಕ್ಕದಲ್ಲಿ 108 ರೋಗಿಗಳಿದ್ದರು. ಮುಂದೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ತಂಡ 1988ರಲ್ಲಿ 279 ರೋಗಿಗಳ ವಿವರ ಹೊರತಂದಿತು. ಜಗತ್ತಿನ ಬೇರೆ ಕಡೆ ಬಿಡಿಬಿಡಿಯಾಗಿ ಕಂಡದ್ದು ದಕ್ಷಿಣ ಕರ್ನಾಟಕದಲ್ಲಿ ರಾಶಿಯಾಗಿ ಸಿಕ್ಕಿತ್ತು.

ಇದನ್ನು ಹಿಡಿದುಕೊಟ್ಟದ್ದು ಯಂತ್ರವಲ್ಲ ಎಂಬುದೇ ನನಗೆ ಈ ಕತೆಯ ಸ್ವಾರಸ್ಯ. ಈ ರೋಗಿಗಳಲ್ಲಿ ಬಹುಪಾಲು ಜನರ ಇಇಜಿ ಸಹಜವಾಗಿಯೇ ಇರುತ್ತದೆ. ಇರದೆ ಏನು? ಆಸ್ಪತ್ರೆಯ ಮಂಚದ ಮೇಲೆ ಒಣತಲೆಯಲ್ಲಿ ಮಲಗಿದವನ ಮೆದುಳಿನ ವಿದ್ಯುತ್ತನ್ನು ಅರ್ಧ ಗಂಟೆ ಬರೆದುಕೊಂಡರೆ, ಬಚ್ಚಲಲ್ಲಿ ಆದದ್ದು ಅಲ್ಲಿ ಹೇಗೆ ಮೂಡಬೇಕು? ಬೇರೆ ಬಗೆಯ ಅಪಸ್ಮಾರದಲ್ಲೂ ಮೊದಲ ಇಇಜಿ ಎಷ್ಟೋ ಸಲ ಬರಿಗೈಯಲ್ಲೇ ಕಳಿಸುತ್ತದೆ. ರೋಗ ಹೊರಬಿದ್ದದ್ದು ಮನೆಯವರ ಬಾಯಿಂದ: ಎಲ್ಲಿದ್ದ, ನೀರು ಎಷ್ಟು ಸುಡುತ್ತಿತ್ತು, ತಲೆ ಮೇಲೆ ಹೇಗೆ ಸುರಿದಿರಿ, ಆಮೇಲೆ ಏನೇನು ಮಾಡಿದ.

ಉತ್ತರಗಳು ಒಂದನ್ನೊಂದು ಹೋಲುತ್ತಿದ್ದವು. ನೀರು 40ರಿಂದ 50 ಡಿಗ್ರಿ ಸೆಲ್ಸಿಯಸ್. ಚೊಂಬಿನ ಮೇಲೆ ಚೊಂಬು, ಬಿಡುವಿಲ್ಲದೆ, ನೇರ ನೆತ್ತಿಗೆ. ಕಣ್ಣು ಒಂದೇ ಕಡೆ ನೆಡುತ್ತದೆ, ಏನೋ ಭಯ, ತಾಳಮೇಳವಿಲ್ಲದ ಬಡಬಡಿಕೆ, ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಕೇಳುತ್ತದೆ. ಕೆಲವರಲ್ಲಿ ಮೈಯೆಲ್ಲ ಸೆಟೆದು ನಡುಗುತ್ತದೆ. ಗಂಡುಮಕ್ಕಳಲ್ಲಿ ಹೆಚ್ಚು. ಹಿರಿಯರು ಗಾಳಿ ಸೋಕಿದೆ ಎಂದದ್ದೂ ಈ ಬಡಬಡಿಕೆಯನ್ನು ಕಂಡೇ; ನೋಡಿದ್ದರಲ್ಲಿ ಅವರು ತಪ್ಪಿರಲಿಲ್ಲ, ಕಾರಣ ಕೊಟ್ಟದ್ದರಲ್ಲಿ ತಪ್ಪಿದ್ದರು. ಇನ್ನೂ ವಿಚಿತ್ರವೆಂದರೆ, ಕೆಲವರಿಗೆ ಆ ಗಳಿಗೆಯಲ್ಲಿ ಒಂಥರಾ ಸುಖವಾಗಿ, ಬೇಡವೆಂದರೂ ನೀರು ಸುರಿದುಕೊಳ್ಳುತ್ತಲೇ ಹೋಗುತ್ತಾರೆ.

ಹಾಗಾದರೆ ಕಾರಣ ನಮ್ಮ ತಲೆಸ್ನಾನದ ಪದ್ಧತಿಯೇ? ಟರ್ಕಿಯಲ್ಲೂ ಹೀಗೆ ಬಟ್ಟಲಿನಿಂದ ಬಿಸಿನೀರು ಹೊಯ್ದುಕೊಳ್ಳುತ್ತಾರೆ, ಅಲ್ಲೂ ಈ ರೋಗ ವರದಿಯಾಗಿದೆ. ಆದರೆ ಹಂಡೆಯ ನೀರು ಮೀಯುವ ಕೋಟ್ಯಂತರ ಜನರಿಗೆ ಏನೂ ಆಗುವುದಿಲ್ಲವಲ್ಲ. ನಿಮ್ಹಾನ್ಸ್‌ನಲ್ಲಿ ಇಲಿಗಳ ಮೇಲೆ ಬಿಸಿನೀರಿನ ಪ್ರಯೋಗ ನಡೆಯಿತು, 1996ರಲ್ಲಿ ಅದರ ವರದಿ ಬಂತು. ಮೆದುಳಿನ ಉಷ್ಣತೆ ಮತ್ತೆ ಮತ್ತೆ ಸರ್ರನೆ ಏರಿದರೆ ಸೆಳವಿನ ಹಾದಿ ಪಳಗುತ್ತ ಹೋಗುತ್ತದೆ ಎಂಬುದು ಸಂಶೋಧಕರ ಊಹೆ. ಮೈಯ ಉಷ್ಣತೆ ಕಾಯುವ ವ್ಯವಸ್ಥೆಯಲ್ಲೇ ಹುಟ್ಟಿನಿಂದ ಬಂದ ದೌರ್ಬಲ್ಯ ಇರಬಹುದೆಂದೂ ಅವರು ಹೇಳಿದರು. ಒಂದೇ ಮನೆತನದಲ್ಲಿ ಹಲವರಿಗೆ ಬಂದ ಉದಾಹರಣೆಗಳಿದ್ದವು. ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದ ಅನುರಂಜನ್ ಆನಂದ್ ಅವರ ತಂಡ ಆ ಕುಟುಂಬಗಳ ವಂಶವಾಹಿ ಜಾಡು ಹಿಡಿದು, 2017ರಲ್ಲಿ ಎಸ್‌ಎಲ್‌ಸಿ1ಎ1 ಎಂಬ ಜೀನ್‌ನಲ್ಲಿ ಅಪರೂಪದ ಬದಲಾವಣೆಗಳನ್ನು ಗುರುತಿಸಿತು.

ವಿಜಯಪುರದ ಕಡೆ ಬಚ್ಚಲಲ್ಲಿ ಬಿದ್ದವರಿಗೆಲ್ಲ ಇದೇ ರೋಗ ಎಂದಲ್ಲ. ಬಿಸಿನೀರಿಗೆ ರಕ್ತನಾಳ ಹಿಗ್ಗಿ ಒತ್ತಡ ಇಳಿದು ಬೀಳುವವರೂ ಇದ್ದಾರೆ. ಅವರು ಬಿಳಿಚಿಕೊಂಡು ಕುಸಿಯುತ್ತಾರೆ, ಮಲಗಿಸಿದರೆ ಬೇಗ ಎಚ್ಚರಾಗುತ್ತಾರೆ. ಎರಡರ ನಡುವಿನ ಗೆರೆ ಮನೆಯವರು ನೋಡಿದ ಆ ಒಂದೆರಡು ನಿಮಿಷದಲ್ಲಿದೆ. ಈಗ ಮನೆಮನೆಯಲ್ಲೂ ಮೊಬೈಲ್ ಇದೆ. ಒಬ್ಬರು ಮಗುವನ್ನು ಪಕ್ಕಕ್ಕೆ ಹೊರಳಿಸಿ ಹಿಡಿದಿರುವಾಗ ಇನ್ನೊಬ್ಬರು ತೆಗೆದ ವಿಡಿಯೊ, ಮೂರು ಊರಿನ ಮೂರು ಚೀಟಿಗಿಂತ ನರರೋಗ ತಜ್ಞರಿಗೆ ಹೆಚ್ಚು ಹೇಳುತ್ತದೆ.

ರೋಗ ಗುರುತಾದ ಮೇಲೂ ಅಭಿಪ್ರಾಯಭೇದ ಮುಗಿಯುವುದಿಲ್ಲ. ನೀರಿನ ಬಿಸಿ ಇಳಿಸಿ, ನೆತ್ತಿಗೆ ಒಮ್ಮೆಲೇ ಸುರಿಯಬೇಡಿ ಎಂಬಲ್ಲಿ ಎಲ್ಲರೂ ಒಂದೇ. ಅದಕ್ಕೂ ಬಗ್ಗದಿದ್ದರೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಮಾತ್ರ ಕ್ಲೋಬಜಾಮ್ ಕೊಡುವ ಕ್ರಮ ಇದೆ. ದಿನವೂ ಗುಳಿಗೆ ಬೇಕೆನ್ನುವ ವೈದ್ಯರೂ ಇರುತ್ತಾರೆ, ಅದಕ್ಕೂ ಕಾರಣವಿದೆ: ಕೆಲವರಿಗೆ ಕಾಲಾನಂತರ ಬಿಸಿನೀರಿನ ಗೊಡವೆಯಿಲ್ಲದೆಯೇ ಸೆಳವು ಬರತೊಡಗುತ್ತದೆ. ಹಾಗಾಗಿ ತಜ್ಞರು ಹುಡುಗನ ಅವ್ವನನ್ನು ಕೇಳುವುದು ಇದನ್ನೇ: ಬಚ್ಚಲಿನ ಹೊರಗೆ, ಒಣಮೈಯಲ್ಲಿದ್ದಾಗ, ಒಮ್ಮೆಯಾದರೂ ಬಂದಿತ್ತೇ?