ಹೊಸ ಕುದುರೆಗೆ ಜೀನು

ಹೈದರಾಲಿಯು ದಾವಣಗೆರೆಯನ್ನು ಆಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆತನು ವರ್ತಕರನ್ನು ಕರೆಸಿ ನೆಲೆಗೊಳಿಸಿದ ಮೇಲೆ ಆ ಸಣ್ಣ ಗ್ರಾಮವು ಪೇಟೆಯಾಗಿ ಬೆಳೆಯಿತು. ಸಮೀಪದ ಹರಿಹರದ ಬಳಿ 1865ರವರೆಗೆ ಸೈನಿಕ ಠಾಣ್ಯವೊಂದಿದ್ದಿತು. ದಂಡಿಗೂ ಪ್ರಯಾಣಕ್ಕೂ ಕುದುರೆಯು ಬೇಕಾಗಿದ್ದ ಕಾಲವದು. ರೈಲು ಬಂದ ಮೇಲೂ ನಿಲ್ದಾಣದಿಂದ ಮನೆ ಸೇರಲು ಜನರು ಜಟಕಾವನ್ನೇ ಹತ್ತುತ್ತಿದ್ದರು. ಆಟೋರಿಕ್ಷಾಗಳು ಬಂದು ಜಟಕಾ ಮರೆಯಾಯಿತು. ಇಂದು ಕುದುರೆಯು ಹೆಚ್ಚಾಗಿ ಕಾಣಸಿಗುವುದು ಮದುವೆ, ಉತ್ಸವಗಳ ಮೆರವಣಿಗೆಯಲ್ಲಿ. ಎಂದೂ ಸವಾರಿ ಮಾಡದ ಮದುಮಗನು, ಅಂದೇ ಮೊದಲು ಕಂಡ ಕುದುರೆಯನ್ನು ವಾದ್ಯ ಪಟಾಕಿಗಳ ಗದ್ದಲದ ನಡುವೆ ಏರುತ್ತಾನೆ. ಆತನ ಪ್ರಾಣವು ಜೀನಿನ ಪಟ್ಟಿಯೊಂದನ್ನು ನಂಬಿಕೊಂಡಿರುತ್ತದೆ.

ಕುದುರೆಯು ಹುಲ್ಲು ಮೇಯುವ ಪ್ರಾಣಿ. ಕಾಡಿನಲ್ಲಿ ಬೇಟೆಯ ಮೃಗವು ಹಾರಿ ಬೀಳುವುದು ಇಂತಹ ಪ್ರಾಣಿಯ ಬೆನ್ನಿನ ಮೇಲೆಯೇ. ಆದುದರಿಂದ ಬೆನ್ನ ಮೇಲೆ ಏನಾದರೂ ತಟ್ಟನೆ ಬಿದ್ದರೆ ಬೆದರಿ ಓಡುವುದು ಅದರ ಹುಟ್ಟುಗುಣ. ಅದನ್ನು ತುಂಟತನವೆನ್ನುವುದು ತಪ್ಪು. ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಸುತ್ತಲೂ ಬಹುಮಟ್ಟಿಗೆ ಕಾಣುತ್ತದೆ. ಬಾಲದ ನೇರ ಹಿಂದೆ ಮತ್ತು ಮೂಗಿನ ಎದುರಿಗೆ ಮಾತ್ರ ಕಾಣದು. ಹಿಂದಿನಿಂದ ಹೋದವನು ಒದೆ ತಿನ್ನುವುದು ಈ ಕಾರಣದಿಂದಲೇ.

ಗುರುತಿಲ್ಲದ ಕುದುರೆಯ ಬಳಿಗೆ ಮೆಲ್ಲನೆ ಮಾತನಾಡುತ್ತ ಎಡ ಹೆಗಲಿನ ಕಡೆಯಿಂದ ಹೋಗಬೇಕು. ಅದು ಕೈಯನ್ನು ಮೂಸಿ ನೋಡಲಿ. ಕಿವಿಗಳನ್ನು ಹಿಂದಕ್ಕೆ ಮಡಿಸಿ ಬಾಲವನ್ನು ಬೀಸುತ್ತಿದ್ದರೆ ಕೆಲಸವನ್ನು ತಡೆದು ನಿಲ್ಲುವುದೇ ಲೇಸು. ಸಹಾಯಕನೊಬ್ಬನು ಹಗ್ಗವನ್ನು ಹಿಡಿದಿರಬೇಕು. ಆದರೆ ಅದನ್ನು ಕೈಗೆ ಸುತ್ತಿಕೊಳ್ಳಬಾರದು. ಕುದುರೆಯು ಕಿತ್ತರೆ ಕೈಯೂ ಜೊತೆಗೆ ಹೋಗುತ್ತದೆ. ಬಳಿಕ ಬೆನ್ನನ್ನೂ ಹೊಟ್ಟೆಯನ್ನೂ ಅಂಗೈಯಿಂದ ಸವರಿ ಹುಣ್ಣು, ಬಾವು, ಅಂಟಿದ ಮಣ್ಣುಗಳಿವೆಯೇ ಎಂದು ನೋಡಬೇಕು. ಮುಟ್ಟಿದಾಗ ಬೆನ್ನನ್ನು ತಗ್ಗಿಸುವ ಕುದುರೆಗೆ ಅಲ್ಲಿ ನೋವಿದೆಯೆಂದು ತಿಳಿದು ಜೀನು ಹಾಕದಿರುವುದೇ ಸರಿ. ಗಾಡಿಗೆ ಪಳಗಿದ ಕುದುರೆಯು ಸವಾರಿಗೂ ಪಳಗಿದೆಯೆಂದು ಭಾವಿಸುವುದು ಅಪಾಯಕರ. ಎಳೆಯಲು ಬಲ್ಲ ಕುದುರೆಯು ಮನುಷ್ಯನ ಭಾರವನ್ನು ಎಂದೂ ಹೊತ್ತಿಲ್ಲದಿರಬಹುದು.

ಕುತ್ತಿಗೆಯು ಮುಗಿದು ಬೆನ್ನು ಮೊದಲಾಗುವೆಡೆ ಎಲುಬಿನ ದಿಬ್ಬವೊಂದಿದೆ. ದಪ್ಪ ಬಟ್ಟೆಯನ್ನು ಈ ದಿಬ್ಬಕ್ಕಿಂತ ತುಸು ಮುಂದೆ ಹಾಸಿ, ಕೂದಲು ಬೆಳೆದ ದಿಕ್ಕಿನಲ್ಲಿ ಹಿಂದಕ್ಕೆ ಸರಿಸಬೇಕು. ಮುಂದಕ್ಕೆ ತಳ್ಳಿದರೆ ಕೂದಲು ಮಡಿಚಿ ಚರ್ಮವು ಉಜ್ಜಿಹೋಗುತ್ತದೆ. ರಿಕಾಪುಗಳನ್ನು ಜೀನಿನ ಮೇಲೆ ಮಡಿಸಿಟ್ಟು ಅದನ್ನು ಎಸೆಯದೆ, ಸದ್ದಿಲ್ಲದೆ ಇಳಿಸಬೇಕು. ಜೀನಿನ ಮುಂಭಾಗಕ್ಕೂ ದಿಬ್ಬಕ್ಕೂ ನಡುವೆ ಎರಡು ಮೂರು ಬೆರಳು ತೂರುವಷ್ಟು ಎಡೆಯಿರಲಿ. ಸವಾರನು ಕುಳಿತ ಮೇಲೂ ಜೀನು ಎಲುಬನ್ನು ಒತ್ತಕೂಡದು. ಹೊಟ್ಟೆಯ ಪಟ್ಟಿಯು ಮುಂಗಾಲಿನ ಮೊಣಕೈಗಿಂತ ನಾಲ್ಕು ಬೆರಳು ಹಿಂದೆ ಬರಬೇಕು. ಅದನ್ನು ಒಮ್ಮೆಗೇ ಜಗ್ಗಿ ಬಿಗಿಯುವವರು ಬಹಳ. ಹಾಗೆ ಬಿಗಿಸಿಕೊಂಡ ಕುದುರೆಯು ಮುಂದೆ ಜೀನನ್ನು ಕಂಡೊಡನೆ ಕಚ್ಚಲು ಬರುತ್ತದೆ. ಒಂದೊಂದೇ ತೂತಿನಂತೆ ಬಿಗಿಯುವುದು ಕ್ರಮ. ಕೆಲವು ಕುದುರೆಗಳು ಆಗ ಉಸಿರು ತುಂಬಿಕೊಂಡು ಎದೆಯನ್ನು ಉಬ್ಬಿಸುತ್ತವೆ. ಬಿಗಿಯಾಗಿ ಕಂಡ ಪಟ್ಟಿಯು ಅವು ಉಸಿರು ಬಿಟ್ಟೊಡನೆ ಸಡಿಲವಾಗುತ್ತದೆ. ಕಾಲಿಟ್ಟವನ ಭಾರಕ್ಕೆ ಜೀನು ಪಕ್ಕಕ್ಕೆ ಜಾರುತ್ತದೆ. ಆದುದರಿಂದ ಹತ್ತಾರು ಹೆಜ್ಜೆ ನಡೆಸಿ ಮತ್ತೆ ಬಿಗಿಯಬೇಕು. ಸವಾರನು ಹತ್ತುವ ಮುನ್ನ ಒಮ್ಮೆ, ಕುಳಿತು ಸ್ವಲ್ಪ ದೂರ ಹೋದ ಮೇಲೆ ಇನ್ನೊಮ್ಮೆ ಪರೀಕ್ಷಿಸಬೇಕು.

ಮೆರವಣಿಗೆಯ ಕುದುರೆಗಳಿಗೆ ಎದೆಯ ಪಟ್ಟಿಯನ್ನೂ ಕಟ್ಟುವುದುಂಟು. ಕಟ್ಟುವಾಗ ಹೊಟ್ಟೆಯ ಪಟ್ಟಿಯು ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಈ ಕ್ರಮವು ತಪ್ಪಿದ ಹೊತ್ತಿನಲ್ಲಿ ಕುದುರೆಯು ಬೆದರಿದರೆ, ಜೀನು ಎದೆಗೆ ನೇತುಬಿದ್ದು ಕಾಲುಗಳ ನಡುವೆ ಬಡಿಯುತ್ತದೆ. ಬಡಿದಷ್ಟೂ ಅದು ಓಡುತ್ತದೆ.