ಖೇಡದ ಅಜ್ಜಿಯ ಫೋಟೊ

ಜಹೀರಾಬಾದ್ ಬಸ್‌ಸ್ಟ್ಯಾಂಡ್, ಬೆಳಗಿನ ಎಂಟು ಗಂಟೆ. ನಾರಾಯಣಖೇಡದಿಂದ ಬಂದಿಳಿದ ಅಜ್ಜಿ ಕಂಡಕ್ಟರನಿಗೆ ತೆಲುಗಿನಲ್ಲಿ ಬಸ್ ಕೇಳಿದರು, ಚಹಾದವನಿಗೆ ಉರ್ದುವಿನಲ್ಲಿ ಸಕ್ಕರೆ ಕಡಿಮೆ ಹಾಕಲು ಹೇಳಿದರು, ನನ್ನ ಕಡೆ ತಿರುಗಿ, “ತಾಂಡೂರಿಗಿ ಹೊಂಟೀನಪ್ಪಾ, ಮಗಳ ಮನಿಗಿ” ಅಂದರು. ಮಾತು ಮೂರು, ಮುಟ್ಟಬೇಕಾದ ಮನೆ ಒಂದೇ.

ಜೆರಾಕ್ಸ್ ಅಂಗಡಿಯ ಹುಡುಗ ವೈಫೈ ಕೊಟ್ಟ. ಮಗಳಿಗೆಂದು ನನ್ನ ಫೋನಿನಲ್ಲಿ ತೆಗೆದ ಅಜ್ಜಿಯ ಫೋಟೊ ಹೊರಟಿತು. ಫೋನು ಅದನ್ನು ಹೆಚ್ಚೆಂದರೆ 1500 ಬೈಟಿನ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಎರಡು ವಿಳಾಸ ಬರೆಯಿತು. ಒಳಗೆ ದೂರದ ಸರ್ವರ್‌ನ ಐಪಿ ವಿಳಾಸ. ಹೊರಗಿನ ಲಕೋಟೆಯ ಮೇಲೆ ಅಂಗಡಿಯ ಗೋಡೆಗಿದ್ದ ರೂಟರ್‌ನ 48 ಬಿಟ್‌ನ ಮ್ಯಾಕ್ ವಿಳಾಸ. ರೂಟರ್ ಲಕೋಟೆ ಹರಿದು, ಒಳವಿಳಾಸ ಓದಿ, ಮುಂದಿನ ದಾರಿಗೆ ಹೊಸ ಲಕೋಟೆ ತೊಡಿಸುತ್ತದೆ. ಎಷ್ಟು ರೂಟರ್ ದಾಟಿದರೂ ಮುಟ್ಟಬೇಕಾದ ವಿಳಾಸ ಅದೇ. ಹರಿದುಹೋಗುವುದು ಲಕೋಟೆ ಮಾತ್ರ.

ಲಕೋಟೆ ಎಂಥದೆಂಬುದನ್ನು ದಾರಿಯೇ ಹೇಳುತ್ತದೆ. ಈಥರ್ನೆಟ್ ಸಂತೆಯಂಥ ದಾರಿ, ಅಲ್ಲಿ ಕೇಳುವವರು ಹಲವರು. ಪಕ್ಕದ ಯಂತ್ರದ ಮ್ಯಾಕ್ ಗೊತ್ತಿಲ್ಲದಿದ್ದರೆ ರೂಟರ್ “ಈ ಐಪಿ ಯಾರದು?” ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ, ಆ ಐಪಿಯ ಯಂತ್ರವೊಂದೇ ಓಗೊಡುತ್ತದೆ. 1982ರಲ್ಲಿ ಬರೆದಿಟ್ಟ ಈ ಪದ್ಧತಿಯ ಹೆಸರು ಎಆರ್‌ಪಿ. ಎರಡೇ ತುದಿಯ ತಂತಿಯಲ್ಲಿ ಕೂಗುವ ಅಗತ್ಯವೇ ಇಲ್ಲ. ಅಂಥಲ್ಲಿ ನಡೆಯುವ ಪಿಪಿಪಿ ಎಂಬ ಪದ್ಧತಿಯಲ್ಲಿ ವಿಳಾಸದ ಜಾಗದಲ್ಲಿ ಸದಾ 255 ಎಂಬ ಒಂದೇ ಅಂಕಿ. ತಾಂಡೂರಿನ ತೊಗರಿ ಹೊಲದಲ್ಲಿ ಗಂಡಹೆಂಡತಿ ಇಬ್ಬರೇ ಇದ್ದಾಗ ಯಾರು ಯಾರ ಹೆಸರು ಹಿಡಿದು ಕರೆಯುತ್ತಾರೆ? ನನಗೆ ಇಡೀ ಏರ್ಪಾಡಿನಲ್ಲಿ ಬಹಳ ಚೆಂದ ಕಾಣುವುದು ಇದೇ.

ಈ ನೆಲದ ಲಕೋಟೆಯೂ ಬದಲಾಗಿದೆ. 1956ರ ನವೆಂಬರ್ 1ರವರೆಗೆ ನಾರಾಯಣಖೇಡ, ಜಹೀರಾಬಾದ್ ಬೀದರ್ ಜಿಲ್ಲೆಯವು, ತಾಂಡೂರು ಕಲಬುರಗಿಯದು. ಮೊದಲೆರಡು ಆಮೇಲೆ ಮೆದಕ್‌ಗೆ ಸೇರಿದವು, 2016ರಿಂದ ಸಂಗಾರೆಡ್ಡಿಯಲ್ಲಿವೆ. ತಾಂಡೂರು ಈಗ ವಿಕಾರಾಬಾದ್‌ನಲ್ಲಿದೆ. ಅಜ್ಜಿಯ ಮನೆಮಾತು ಮಾತ್ರ ಕನ್ನಡವೇ.

ತಾಂಡೂರಿನ ಬಸ್ ಬಂತು. ಅಜ್ಜಿ ಹತ್ತಿ ಕೂರುವ ಮೊದಲೇ ಫೋಟೊ ಮುಟ್ಟಿ, ಮಗಳ ಫೋನ್ ಬಂತು. ಕಿಟಕಿಯಿಂದ “ಮುಟ್ಯಾದಂತಪ್ಪಾ” ಅಂದರು.

ಗಡಿಯ ಕಾಲೇಜುಗಳಲ್ಲಿ ನೆಟ್‌ವರ್ಕ್ ಪಾಠ ಹೇಳುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಕನ್ನಡ ಮನೆಯ ಮಕ್ಕಳಿಗೆ ಈ ಲಕೋಟೆಯ ಪಾಠವನ್ನು ಒಮ್ಮೆ ಕನ್ನಡದಲ್ಲಿ ಹೇಳಿ. ದಾರಿಗೆ ತಕ್ಕ ಮಾತು ಬದಲಿಸುವುದನ್ನು ಅವರು ಮನೆಯಲ್ಲೇ ಕಲಿತು ಬಂದಿರುತ್ತಾರೆ.