ಸ್ವನಿರ್ಮಿತ ವಿಮಾನದ ನಿಯಂತ್ರಣಾಂಗಗಳಲ್ಲಿ ಘರ್ಷಣೆ

ಅಚ್ಚಿಗೆ ಕೀಲೆಣ್ಣೆ ಹಾಕದೆ ಹೊರಟ ಬಂಡಿಯು ದಾರಿಯುದ್ದಕ್ಕೂ ಕಿರ್ರೆಂದು ಕೂಗಿ ತನ್ನ ಕುಂದನ್ನು ತಾನೇ ಸಾರುತ್ತದೆ. ಗಾಡಿಕಾರನು ಬೇಸತ್ತರೆ ಮರದ ನೆರಳಿನಲ್ಲಿ ಬಂಡಿಯನ್ನು ನಿಲ್ಲಿಸಿ ಎಣ್ಣೆ ಹಾಕಿಕೊಳ್ಳಬಹುದು. ವಿಮಾನದ ವಿಷಯದಲ್ಲಿ ಈ ಎರಡು ಅನುಕೂಲಗಳೂ ಇಲ್ಲ. ಅದರ ನಿಯಂತ್ರಣಾಂಗಗಳಲ್ಲಿ ಅಡಗಿರುವ ಘರ್ಷಣೆಯು ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ. ಅದರ ಅರಿವಾದಾಗ ನಿಂತು ಸರಿಪಡಿಸುವುದಕ್ಕೆ ಆಕಾಶದಲ್ಲಿ ಎಡೆಯೂ ಇಲ್ಲ. ಕಾರ್ಖಾನೆಯ ವಿಮಾನಕ್ಕೆ ಪರೀಕ್ಷಕರ ತಂಡವೇ ಇರುತ್ತದೆ. ತನ್ನ ಮನೆಯ ಕೊಟ್ಟಿಗೆಯಲ್ಲಿ ತಾನೇ ವಿಮಾನವನ್ನು ಕಟ್ಟುವವನಾದರೋ ಬಹುಮಟ್ಟಿಗೆ ತಾನೇ ಕುಶಲಕರ್ಮಿ, ತಾನೇ ಪರೀಕ್ಷಕ, ಕೊನೆಗೆ ಅದರಲ್ಲಿ ಕುಳಿತು ಹಾರುವವನೂ ತಾನೇ. ಆದುದರಿಂದ ಈ ಸಣ್ಣ ವಿಷಯವು ಅವನ ಪಾಲಿಗೆ ಪ್ರಾಣದ ವಿಷಯವಾಗುತ್ತದೆ.

ವಿಮಾನವಿದ್ಯೆ ಆರಂಭವಾದುದೇ ಸ್ವನಿರ್ಮಾಣದಿಂದ. 1903ರ ಡಿಸೆಂಬರ್ 17ರಂದು ಹಾರಿದ ರೈಟ್ ಸಹೋದರರು ಬೈಸಿಕಲ್ ಅಂಗಡಿಯವರು. ಅವರ ವಿಮಾನದಲ್ಲಿ ಚಾಲಕನು ಬೋರಲಾಗಿ ಮಲಗಿ ಸೊಂಟವನ್ನು ಅತ್ತಿತ್ತ ಸರಿಸಿದರೆ ತಂತಿಗಳು ಎಳೆದು ರೆಕ್ಕೆಯ ತುದಿಗಳು ತಿರುಚಿಕೊಳ್ಳುತ್ತಿದ್ದುವು. ಫ್ರಾನ್ಸಿನ ಆನ್ರಿ ಮಿನ್ಯೆ 1933ರಲ್ಲಿ ಹಾರಿಸಿದ 'ಪೂ ದು ಸಿಯೆಲ್', ಅಂದರೆ 'ಆಕಾಶದ ಹೇನು' ಎಂಬ ಪುಟ್ಟ ವಿಮಾನವು ಯೂರೋಪಿನ ಹವ್ಯಾಸಿಗಳನ್ನು ಹುಚ್ಚೆಬ್ಬಿಸಿತು. ಅದರ ಕೆಲವು ಅಪಘಾತಗಳಿಗೆ ಕಾರಣವಾದುದು ಘರ್ಷಣೆಯಲ್ಲ, ಎರಡು ರೆಕ್ಕೆಗಳ ನಡುವಣ ಗಾಳಿಯ ಹರಿವು. ಆದರೂ ಚಾಲಕನ ಕೈಗೆ ವಿಮಾನವು ವಿಧೇಯವಾಗದಿದ್ದರೆ ಏನಾದೀತೆಂಬುದನ್ನು ಅವು ಕಟುವಾಗಿ ಕಲಿಸಿದುವು. ಅಮೆರಿಕದಲ್ಲಿ 1953ರಲ್ಲಿ ಪಾಲ್ ಪೊಬೆರೆಜ್ನಿಯವರು ಸ್ಥಾಪಿಸಿದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಸಂಸ್ಥೆಯಿಂದ ಈ ಹವ್ಯಾಸಕ್ಕೆ ಒಂದು ಶಿಸ್ತು ಬಂದಿತು.

ಚಾಲಕನ ಕೈಯಲ್ಲಿರುವ ದಂಡಕ್ಕೂ ರೆಕ್ಕೆ, ಬಾಲಗಳಲ್ಲಿರುವ ಚಲಿಸುವ ಹಲಗೆಗಳಿಗೂ ಸಂಬಂಧವನ್ನು ಕಲ್ಪಿಸುವ ಬಗೆಗಳು ಮುಖ್ಯವಾಗಿ ಎರಡು. ಒಂದು, ರಾಟೆಗಳ ಮೇಲೆ ಹಾಯ್ದುಹೋಗುವ ಉಕ್ಕಿನ ಕೇಬಲ್. ಇನ್ನೊಂದು, ತಳ್ಳುವ ಎಳೆಯುವ ಎರಡು ಕೆಲಸವನ್ನೂ ಮಾಡುವ ಟೊಳ್ಳು ಸರಳು. ಅನೇಕ ವಿಮಾನಗಳಲ್ಲಿ ಎರಡನ್ನೂ ಬಳಸುವುದುಂಟು. ಸ್ವನಿರ್ಮಾತೃಗಳಿಗೆ ಚಿರಪರಿಚಿತವಾದ ವ್ಯಾನ್ಸ್ ಆರ್‌ವಿ ಮಾದರಿಗಳಲ್ಲಿ ಏಲೆರಾನ್ ಮತ್ತು ಎಲಿವೇಟರುಗಳಿಗೆ ಸರಳುಗಳೂ ಚುಕ್ಕಾಣಿಗೆ ಕೇಬಲ್ಲೂ ಇರುವುದು ಇದಕ್ಕೆ ನಿದರ್ಶನ.

ಘರ್ಷಣೆಯಿಂದ ಆಗುವ ಕೇಡು ಕೈ ದಣಿಯುವುದೊಂದೇ ಎಂದು ತಿಳಿಯುವುದು ತಪ್ಪು. ನಿಂತ ವಸ್ತುವನ್ನು ಕದಲಿಸಲು ಬೇಕಾಗುವ ಬಲವು ಕದಲಿದುದನ್ನು ನಡೆಸಲು ಬೇಕಾಗುವ ಬಲಕ್ಕಿಂತ ಹೆಚ್ಚು. ದಂಡವು ಅಂಟಿಕೊಂಡಂತಿದ್ದರೆ ಚಾಲಕನು ಬಲ ಹಾಕುತ್ತಾನೆ. ಅದು ಥಟ್ಟನೆ ಕದಲಿ ಬೇಕಾದುದಕ್ಕಿಂತ ಮುಂದೆ ಸರಿಯುತ್ತದೆ. ಅದನ್ನು ತಿದ್ದಲು ಹೋದರೆ ಹಿಂದಕ್ಕೆ ಹೆಚ್ಚಾಗುತ್ತದೆ. ಹೀಗೆ ವಿಮಾನವು ಮೇಲೆ ಕೆಳಗೆ ತೂಗಾಡತೊಡಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಕೇಡು ಇನ್ನೊಂದುಂಟು. ಸ್ಥಿರತೆಯುಳ್ಳ ವಿಮಾನದ ವೇಗವು ತಗ್ಗಿದಂತೆಲ್ಲ ದಂಡವನ್ನು ಹಿಂದಕ್ಕೆ ಹಿಡಿದಿರಲು ಹೆಚ್ಚು ಬಲ ಬೇಕಾಗುತ್ತದೆ. ಕೈ ಸಡಿಲಿಸಿದರೆ ವಿಮಾನವು ತನ್ನ ಮೊದಲಿನ ವೇಗಕ್ಕೆ ತಾನೇ ಮರಳುತ್ತದೆ. ಗಾಳಿಯು ಚಾಲಕನ ಅಂಗೈಯೊಡನೆ ಆಡುವ ಮಾತು ಇದೇ. ಗಂಟೆಗೆ 20 ಕಿಲೋಮೀಟರ್ ವೇಗವನ್ನು ಬದಲಿಸಲು ದಂಡದಲ್ಲಿ 1 ಕಿಲೋಗ್ರಾಂ ಬಲ ಬೇಕಾಗುವ ವಿಮಾನವೊಂದನ್ನು ಭಾವಿಸೋಣ. ಅದರ ನಿಯಂತ್ರಣಾಂಗಗಳಲ್ಲಿ ಘರ್ಷಣೆಯೂ 1 ಕಿಲೋಗ್ರಾಂನಷ್ಟೇ ಇದ್ದರೆ, ಕೈ ಬಿಟ್ಟ ದಂಡವು ನಿಜವಾದ ಸಮತೋಲದಿಂದ 20 ಕಿಲೋಮೀಟರ್ ಹೆಚ್ಚಿನ ವೇಗದಿಂದ 20 ಕಿಲೋಮೀಟರ್ ಕಡಿಮೆ ವೇಗದವರೆಗೆ ಎಲ್ಲಿ ಬೇಕಾದರೂ ನಿಂತುಬಿಡಬಹುದು. ಇಳಿಯುವ ಮುಂಚಿನ ಕೊನೆಯ ತಿರುವಿನಲ್ಲಿ, ನೆಲ ಹತ್ತಿರವಿರುವಾಗ, ವೇಗವು ಅಪಾಯದ ಮಟ್ಟಕ್ಕೆ ಕುಸಿಯುತ್ತಿದ್ದರೂ ಅಂಗೈಗೆ ಅದರ ಸುಳಿವು ಹತ್ತುವುದಿಲ್ಲ. ಈ ಕಾರಣದಿಂದಲೇ ಅಮೆರಿಕದ ಲಘುವಿಮಾನಗಳ ನಿಯಮಾವಳಿಯಲ್ಲಿ, 2017ರ ಪರಿಷ್ಕರಣಕ್ಕೆ ಮುಂಚೆ, ದಂಡವನ್ನು ಮೆಲ್ಲನೆ ಬಿಟ್ಟಾಗ ವಿಮಾನವು ಮೊದಲಿನ ವೇಗದ ಶೇಕಡಾ 10ರ ಅಂತರದೊಳಗೆ ಮರಳಬೇಕೆಂಬ ವಿಧಿ ಇದ್ದಿತು.

ಘರ್ಷಣೆ ಎಲ್ಲಿ ಹುಟ್ಟುತ್ತದೆ? ಬಾವಿಯ ಹಗ್ಗವನ್ನು ಕಲ್ಲಿನ ಅಂಚಿನ ಮೇಲೆ ಜಗ್ಗಿದವರಿಗೂ ರಾಟೆಯ ಮೇಲೆ ಸೇದಿದವರಿಗೂ ಇದರ ಉತ್ತರ ತಿಳಿದಿದೆ. ಸ್ಥಿರವಾದ ಬಾಗಿನ ಮೇಲೆ ಜಾರುವ ಹಗ್ಗದಲ್ಲಿ ಬಲದ ನಷ್ಟವು ತಿರುವಿನ ಕೋನದೊಡನೆ ಘಾತೀಯವಾಗಿ ಏರುತ್ತದೆಂಬುದು ಆಯ್ಲರನ ಹೆಸರಿನಲ್ಲಿ ಪ್ರಸಿದ್ಧವಾದ ಸೂತ್ರ. ಘರ್ಷಣ ಗುಣಾಂಕ 0.2, ಕೇಬಲ್ಲಿನ ಒಂದು ಕಡೆಯ ಎಳೆತ 20 ಕಿಲೋಗ್ರಾಂ ಎಂದಿಟ್ಟುಕೊಂಡರೆ, 90 ಡಿಗ್ರಿ ತಿರುಗಿದಾಗ ಇನ್ನೊಂದು ಕಡೆ ಸುಮಾರು 27.4 ಕಿಲೋಗ್ರಾಂ ಬೇಕಾಗುತ್ತದೆ. 7 ಕಿಲೋಗ್ರಾಂಗೂ ಮಿಕ್ಕಿದ ಬಲ ವ್ಯರ್ಥ. ತಿರುವು 3 ಡಿಗ್ರಿ ಮಾತ್ರವಾದರೆ ನಷ್ಟವು ಸುಮಾರು 200 ಗ್ರಾಂ. ಕೇಬಲ್ಲಿಗೆ ದಾರಿ ತೋರುವ ತೂತುಬಿಲ್ಲೆಗಳು ಅದರ ದಿಕ್ಕನ್ನು 3 ಡಿಗ್ರಿಗಿಂತ ಹೆಚ್ಚು ಬದಲಿಸಕೂಡದೆಂದು ಅದೇ ಹಳೆಯ ನಿಯಮಾವಳಿ ವಿಧಿಸಿದ್ದುದರ ಮರ್ಮ ಇಲ್ಲಿದೆ. ಸ್ವನಿರ್ಮಾತೃವು ಆ ನಿಯಮಕ್ಕೆ ಬದ್ಧನಲ್ಲದಿದ್ದರೂ ಅದರ ಹಿಂದಿರುವ ಗಣಿತಕ್ಕೆ ಬದ್ಧನೇ ಸರಿ.

ಅದೇ 90 ಡಿಗ್ರಿ ತಿರುವಿನಲ್ಲಿ 30 ಮಿಲಿಮೀಟರ್ ತ್ರಿಜ್ಯದ ರಾಟೆಯನ್ನಿಟ್ಟು, 3 ಮಿಲಿಮೀಟರ್ ತ್ರಿಜ್ಯದ ಅಚ್ಚಿನ ಮೇಲೆ ಸಾದಾ ಬುಷ್‌ನಲ್ಲಿ ತಿರುಗಿಸಿದರೆ, ಅಲ್ಲಿಯ ಗುಣಾಂಕ 0.15 ಎಂದಿಟ್ಟುಕೊಂಡರೂ ನಷ್ಟವು ಸುಮಾರು 400 ಗ್ರಾಂಗೆ ಇಳಿಯುತ್ತದೆ. ಬಾಲ್ ಬೇರಿಂಗ್ ಹಾಕಿದರೆ ಹತ್ತಿಪ್ಪತ್ತು ಗ್ರಾಂ ಮಾತ್ರ. ರಾಟೆ ದೊಡ್ಡದಾದಷ್ಟೂ, ಅಚ್ಚು ಸಣ್ಣದಾದಷ್ಟೂ ಲಾಭ. ರಾಟೆ ದೊಡ್ಡದಿದ್ದರೆ ಕೇಬಲ್ಲಿನ ಎಳೆಗಳು ಬಾಗಿ ಬಾಗಿ ತುಂಡಾಗುವುದೂ ತಡವಾಗುತ್ತದೆ. ಆದರೆ ತುಕ್ಕು ಹಿಡಿದು ತಿರುಗದೆ ನಿಂತ ರಾಟೆಯು ರಾಟೆಯೇ ಅಲ್ಲ. ಅದು ಬಾವಿಯ ಕಲ್ಲಂಚು. ಆದುದರಿಂದ ಪ್ರತಿ ಪರಿಶೀಲನೆಯಲ್ಲಿಯೂ ರಾಟೆಗಳು ನಿಜವಾಗಿ ತಿರುಗುತ್ತಿವೆಯೇ ಎಂದು ಕಣ್ಣಾರೆ ನೋಡತಕ್ಕದ್ದು.

ಸರಳುಗಳಲ್ಲಿ ಈ ನಷ್ಟ ಕಡಿಮೆ. ಕೀಲುಗಳಲ್ಲಿ ಮಾತ್ರ ಘರ್ಷಣೆ. ಆದರೆ ಕೀಲನ್ನು ಜೋಡಿಸುವಾಗ ಹೊಸಬರು ಒಂದು ತಪ್ಪು ಮಾಡುವುದುಂಟು. ಬೋಲ್ಟನ್ನು ಬಿಗಿದಾಗ ಬೇರಿಂಗಿನ ಒಳಬಳೆ ಮಾತ್ರ ಹಿಡಿದು ನಿಲ್ಲಬೇಕು. ಅದಕ್ಕೆ ತಕ್ಕ ಅಳತೆಯ ಬಿಲ್ಲೆಗಳನ್ನಿಡದೆ ಬಿಗಿದರೆ ಎರಡು ಕಡೆಯ ಕಿವಿಗಳೇ ಒಳಕ್ಕೆ ಬಾಗಿ ಕೀಲನ್ನು ಅದುಮುತ್ತವೆ. ಘರ್ಷಣೆ ಹೆಚ್ಚಾಯಿತೆಂದು ಬೋಲ್ಟನ್ನು ಸಡಿಲಿಸುವುದು ಅದಕ್ಕಿಂತ ದೊಡ್ಡ ತಪ್ಪು. ಬೋಲ್ಟ್ ತಾನೇ ತಿರುಗುವ ಎಡೆಗಳಲ್ಲಿ ತೂತುಳ್ಳ ಬೋಲ್ಟು, ಗಾಡಿಯುಳ್ಳ ನಟ್ಟು, ಸೀಳುಪಿನ್ನುಗಳನ್ನೇ ಬಳಸಬೇಕು.

ಹಲಗೆಗಳ ಕೀಲುಗಳು ಮೂರಿದ್ದರೆ ಅವು ಒಂದೇ ನೇರದಲ್ಲಿರಬೇಕು. ಎರಡು ಬಿಂದುಗಳ ನಡುವೆ ನೇರಗೆರೆ ಸದಾ ಉಂಟು. ಮೂರನೆಯದು ಕೂದಲೆಳೆಯಷ್ಟು ತಪ್ಪಿದರೂ ಹಿಡಿತ ಆರಂಭವಾಗುತ್ತದೆ. ನೆಲದ ಮೇಲೆ ಸುಗಮವಾಗಿದ್ದುದು, ಹಾರುವಾಗ ರೆಕ್ಕೆ ಬಾಗಿದೊಡನೆ ಬಿಗಿಯಾಗುವುದೂ ಉಂಟು. ಆದುದರಿಂದ ರೆಕ್ಕೆಗೆ ಭಾರ ಹೇರಿ ಬಾಗಿಸಿದ ಸ್ಥಿತಿಯಲ್ಲಿಯೂ ಹಲಗೆಯನ್ನು ಆಡಿಸಿ ನೋಡುವುದು ವಿವೇಕ.

ಉಷ್ಣತೆಯ ಪಾತ್ರವನ್ನೂ ಮರೆಯಲಾಗದು. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. 5 ಮೀಟರ್ ಉದ್ದದಲ್ಲಿ 30 ಡಿಗ್ರಿ ಸೆಲ್ಸಿಯಸ್ ಏರಿದರೆ ವಿಮಾನದ ಒಡಲು ಸುಮಾರು 3.4 ಮಿಲಿಮೀಟರ್, ಉಕ್ಕಿನ ಕೇಬಲ್ 1.8 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಮುಂಜಾನೆಯ ಚಳಿಯಲ್ಲಿ ಸರಿಯಾಗಿದ್ದ ಕೇಬಲ್ ನಡುಹಗಲಿನಲ್ಲಿ ಬಿಗಿದುಕೊಂಡು ರಾಟೆಗಳನ್ನು ಒತ್ತುತ್ತದೆ. ಹಾಗೆಂದು ಘರ್ಷಣೆಗೆ ಹೆದರಿ ಕೇಬಲ್ಲನ್ನು ಸಡಿಲ ಬಿಡಕೂಡದು. ಸಡಿಲ ಕೇಬಲ್ ರಾಟೆಯಿಂದ ಜಾರಬಹುದು. ಹಲಗೆಯು ಗಾಳಿಯಲ್ಲಿ ಪಟಪಟನೆ ನಡುಗಲು ಅವಕಾಶವನ್ನೂ ಕೊಡಬಹುದು. ನಕ್ಷೆಯಲ್ಲಿ ಹೇಳಿದ ಬಿಗಿತವನ್ನು, ಅಂದಿನ ಉಷ್ಣತೆಗೆ ತಕ್ಕಂತೆ, ಅಳೆದು ಇಡುವುದೇ ಸರಿಯಾದ ಮಾರ್ಗ.

ಎಣ್ಣೆಯೇ ಎಲ್ಲದಕ್ಕೂ ಮದ್ದಲ್ಲ. ಧೂಳಿನೊಡನೆ ಬೆರೆತ ಗ್ರೀಸು ಸಾಣೆಯ ಪುಡಿಯಂತೆ ಲೋಹವನ್ನು ಸವೆಸುತ್ತದೆ. ಮುಚ್ಚಿದ ಬೇರಿಂಗನ್ನು ದ್ರಾವಕದಲ್ಲಿ ತೊಳೆದರೆ ಒಳಗಿನ ಗ್ರೀಸೇ ಕೊಚ್ಚಿಹೋಗುತ್ತದೆ. ಟೆಫ್ಲಾನ್ ಅಸ್ತರಿಯ ಕೀಲುಗಳಿಗೆ ಎಣ್ಣೆ ಬೇಕಿಲ್ಲ. ಗ್ರಾಫೈಟ್ ಪುಡಿಯು ತೇವವಿರುವೆಡೆ ಅಲ್ಯೂಮಿನಿಯಂನ ಸವೆತಕ್ಕೆ ಕಾರಣವಾಗುತ್ತದೆ.

ಇಷ್ಟೆಲ್ಲ ಘರ್ಷಣೆಯನ್ನು ಅಳೆಯಲು ಬೇಕಾಗುವ ಉಪಕರಣ ಒಂದು ಸ್ಪ್ರಿಂಗ್ ತಕ್ಕಡಿ. ಅದನ್ನು ದಂಡದ ಹಿಡಿಗೆ ಕಟ್ಟಿ, ಎಲಿವೇಟರ್ ಮೆಲ್ಲನೆ ಏರುವಂತೆ ಎಳೆದಾಗ 1.4 ಕಿಲೋಗ್ರಾಂ, ಮೆಲ್ಲನೆ ಇಳಿಯಬಿಟ್ಟಾಗ 0.6 ಕಿಲೋಗ್ರಾಂ ತೋರಿಸಿತೆನ್ನೋಣ. ಏರಿಸುವಾಗ ಹಲಗೆಯ ಭಾರವೂ ಘರ್ಷಣೆಯೂ ಕೂಡುತ್ತವೆ. ಇಳಿಸುವಾಗ ಭಾರದಿಂದ ಘರ್ಷಣೆ ಕಳೆಯುತ್ತದೆ. ಎರಡರ ವ್ಯತ್ಯಾಸದಲ್ಲಿ ಅರ್ಧ, ಅಂದರೆ 0.4 ಕಿಲೋಗ್ರಾಂ, ಘರ್ಷಣೆ; ಉಳಿದ 1 ಕಿಲೋಗ್ರಾಂ ಭಾರ. ಬಳಿಕ ಹಲಗೆಯ ಕಡೆಯಿಂದ ಒಂದೊಂದೇ ಕೊಂಡಿಯನ್ನು ಕಳಚುತ್ತ ಮತ್ತೆ ಅಳೆದರೆ, ದೋಷವು ಯಾವ ಕೀಲಿನಲ್ಲಿ ಕುಳಿತಿದೆಯೆಂಬುದು ತಾನಾಗಿ ಬಯಲಾಗುತ್ತದೆ. ಕಳಚಿದುದನ್ನು ಮರಳಿ ಜೋಡಿಸಿದ ಮೇಲೆ, ದಂಡವನ್ನು ಎಡಕ್ಕೆ ಸರಿಸಿದಾಗ ಎಡದ ಏಲೆರಾನ್ ಮೇಲೇಳುತ್ತದೆಯೇ ಎಂದು ನೋಡದೆ ಹಾರಕೂಡದು. ತಿರುವುಮುರುವಾದ ಜೋಡಣೆಯು ಎಂಥ ಘರ್ಷಣೆಗಿಂತಲೂ ಭಯಂಕರ.

ಘರ್ಷಣೆಯನ್ನು ಸೊನ್ನೆಗಿಳಿಸುವುದು ಯಾರಿಂದಲೂ ಆಗದು, ಆಗಬೇಕಾಗಿಯೂ ಇಲ್ಲ. ಗಾಳಿಯ ಬಲದ ಮುಂದೆ ಅದು ಅಲ್ಪವಾಗಿರುವಂತೆ ನೋಡಿಕೊಂಡರೆ ಸಾಕು. ಆಗ ರೆಕ್ಕೆಯು ಹೇಳುವ ಮಾತು ಅಂಗೈಗೆ ಕೇಳಿಸುತ್ತದೆ. ವರ್ಷಗಟ್ಟಲೆ ದುಡಿದು ಕಟ್ಟಿದ ವಿಮಾನವನ್ನು ಮೊದಲ ಹಾರಾಟಕ್ಕೆ ಹೊರಗೆಳೆಯುವ ಮುನ್ನ ತಕ್ಕಡಿ ಹಿಡಿದು ಕಳೆದ ಒಂದು ಮಧ್ಯಾಹ್ನವು ಯಾರಿಗೂ ನಷ್ಟವೆನಿಸದು.